ಕ್ಯಾಮೆರಾ ಸ್ವಲ್ಪ ಈಕಡೆ ತಿರುಗಿಸಿ: ಬ್ರಿಟಿಷ್ ಸ್ಪೀಡ್‌ವೇ ನಡೆಸುವವರಿಗೊಂದು ಬಹಿರಂಗ ಪತ್ರ

ಬ್ರಿಟಿಷ್ ಸ್ಪೀಡ್‌ವೇ ಪ್ರಮೋಟರ್‌ಗಳಿಗೆ, ಹಾಗೂ ಈ ಬೈಕ್ ಓಟದ ಆಟವನ್ನು ಟಿವಿಯಲ್ಲಿ ತೋರಿಸಿದ, ಇನ್ನು ಮುಂದೆ ತೋರಿಸಲಿರುವ ಚಾನೆಲ್‌ನವರಿಗೆ,

ಮಾನ್ಯರೇ,

ಟಿವಿಯಿಂದಲೇ ಸ್ಪೀಡ್‌ವೇ ಹಾಳಾಯಿತು ಅನ್ನುವವರ ಪಕ್ಕದಲ್ಲಿ ನಿಂತು ಆಟ ನೋಡಿದ್ದೇನೆ. ಟಿವಿ ಇಲ್ಲದಿದ್ದರೆ ಈ ಆಟ ಎಂದೋ ಮುಳುಗಿಹೋಗುತ್ತಿತ್ತು ಅನ್ನುವವರ ಜೊತೆ ಚಿಪ್ಸ್ ಹಂಚಿಕೊಂಡು ತಿಂದಿದ್ದೇನೆ. ಇಬ್ಬರೂ ಒಂದೇ ಸ್ಟ್ಯಾಂಡಿನಲ್ಲಿರುತ್ತಾರೆ, ಎಷ್ಟೋ ಸಲ ಒಂದೇ ಮನೆಯವರಾಗಿರುತ್ತಾರೆ. ನನ್ನ ತಕರಾರು ಬೇರೆ. ಟಿವಿಗೆ ನೀವು ವಾರ ಕೊಟ್ಟಿರಿ, ಹೊತ್ತು ಕೊಟ್ಟಿರಿ, ಅದರ ಖುಷಿಗೆ ನಿಯಮವನ್ನೂ ಬದಲಿಸಿದಿರಿ. ಇಷ್ಟೆಲ್ಲ ಕೊಟ್ಟ ಮೇಲೆ ಕೇಳಬೇಕಾಗಿದ್ದ ಒಂದನ್ನು ಮಾತ್ರ ಕೇಳಲಿಲ್ಲ: ಇವತ್ತು ಸೋಫಾ ಮೇಲೆ ಕೂತು ನೋಡಿದವನು ಮುಂದಿನ ವಾರ ಟ್ರ್ಯಾಕಿಗೆ ಬರುವ ಹಾಗೆ ತೋರಿಸಿ ಅಂತ.

ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆ ತಲುಪುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ಇಲ್ಲಿರುವ ನಮ್ಮವರೂ ಓದಲಿ ಅಂತ. ಇಪ್ಸ್‌ವಿಚ್ ಪಕ್ಕದ ಮಾರ್ಟಲ್‌ಶಮ್‌ನಲ್ಲಿ ಬಿಟಿ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರವಿದೆ, ಆಡಾಸ್ಟ್ರಲ್ ಪಾರ್ಕ್. ಐಟಿ ಕೆಲಸಕ್ಕೆ ಅಂತ ಬಂದು ಈ ಊರಿನಲ್ಲೇ ಮನೆ ಮಾಡಿಕೊಂಡ ಭಾರತದವರು ಸಾಕಷ್ಟಿದ್ದಾರೆ, ನಾನೂ ಒಬ್ಬ. ಅಲ್ಲಿಂದ ಫಾಕ್ಸ್‌ಹಾಲ್ ಸ್ಟೇಡಿಯಂ ದೂರವೇನಲ್ಲ. 1950ರ ದಶಕದ ಆರಂಭದಿಂದ ಇಪ್ಸ್‌ವಿಚ್ ವಿಚಸ್ ಅನ್ನುವ ತಂಡದ ಅಖಾಡ ಅದು. ಗುರುವಾರ ಸಂಜೆ ಗಾಳಿ ಈಕಡೆ ಬೀಸಿದರೆ ಎಂಜಿನ್ ಸದ್ದು ಕೇಳಿಸುತ್ತದೆ. ಆದರೂ ನಮ್ಮವರಲ್ಲಿ ಅಲ್ಲಿಗೆ ತಲೆ ಹಾಕಿದವರು ಕಡಿಮೆ. "ಫಾರ್ಮುಲಾ ಒನ್ ತರಹದ್ದಾ?" ಅಂತ ಕೇಳುತ್ತಾರೆ.

ಅಲ್ಲ ಮಾರಾಯರೇ. ನಾಲ್ಕು ಜನ, ನಾಲ್ಕು ಸುತ್ತು, ಹೆಚ್ಚುಕಡಿಮೆ ಒಂದು ನಿಮಿಷ. ಬೈಕಿಗೆ 500 ಸಿಸಿಯ ಒಂದೇ ಸಿಲಿಂಡರಿನ ಎಂಜಿನ್, ಒಂದೇ ಗೇರು. ಬ್ರೇಕ್ ಇಲ್ಲ. ಕೆಟ್ಟಿದೆ ಅಂತಲ್ಲ, ಇಡುವುದೇ ಇಲ್ಲ. ಉರಿಯುವುದು ಮೆಥನಾಲ್. ಶೇಲ್ ಅನ್ನುವ ಪುಡಿಗಲ್ಲಿನ ಮಣ್ಣು ಹಾಸಿದ ಮೊಟ್ಟೆಯಾಕಾರದ ಟ್ರ್ಯಾಕು. ತಿರುವು ಬಂತೆಂದರೆ ಹಿಂದಿನ ಚಕ್ರ ಹೊರಕ್ಕೆ ಜಾರಬೇಕು, ಉಕ್ಕಿನ ತಟ್ಟೆ ಕಟ್ಟಿದ ಎಡಗಾಲು ನೆಲಕ್ಕೆ ಉಜ್ಜಬೇಕು, ಕೈ ಮಾತ್ರ ಥ್ರಾಟಲ್ ಬಿಡಬಾರದು. ಮೊದಲು ಬಂದವನಿಗೆ 3 ಪಾಯಿಂಟ್, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಇಂಥ 15 ಹೀಟ್ ಆದರೆ ಒಂದು ಲೀಗ್ ಪಂದ್ಯ. ಲೆಕ್ಕ ಹಾಕಿ: ಎರಡು ಗಂಟೆಯ ಸಂಜೆಯಲ್ಲಿ ನಿಜವಾದ ಓಟ ಕಾಲು ಗಂಟೆ.

ಟಿವಿಯ ಕಷ್ಟ ಶುರುವಾಗುವುದೇ ಆ ಉಳಿದ ಒಂದೂಮುಕ್ಕಾಲು ಗಂಟೆಯಲ್ಲಿ. ಸ್ಟ್ಯಾಂಡಿನಲ್ಲಿದ್ದವರಿಗೆ ಅದು ಖಾಲಿ ಹೊತ್ತಲ್ಲ. ಟ್ರ್ಯಾಕ್ಟರ್ ಬಂದು ಹೊರಗಂಚಿಗೆ ಚೆಲ್ಲಿದ ಶೇಲನ್ನು ಒಳಕ್ಕೆ ಎಳೆಯುತ್ತದೆ, ಟ್ಯಾಂಕರ್ ನೀರು ಹಾಕುತ್ತದೆ, ಅದನ್ನು ನೋಡಿದವರು ಮುಂದಿನ ಹೀಟ್‌ನಲ್ಲಿ ಒಳದಾರಿ ಲಾಭವೋ ಹೊರದಾರಿ ಲಾಭವೋ ಅಂತ ವಾದಕ್ಕೆ ಬೀಳುತ್ತಾರೆ. ಎಲ್ಲರ ಕೈಯಲ್ಲೂ ಪ್ರೋಗ್ರಾಂ ಪುಸ್ತಕ, ಪೆನ್ನು. ಹೀಟ್ ಮುಗಿದ ಕೂಡಲೇ ಕೆಂಪು, ನೀಲಿ, ಬಿಳಿ, ಹಳದಿ ಹೆಲ್ಮೆಟ್‌ಗಳ ಎದುರಿನ ಚೌಕದಲ್ಲಿ ಅಂಕ ಬರೆಯಬೇಕು, ಸಮಯ ಬರೆಯಬೇಕು, ಕೂಡಿಸಬೇಕು. ನನ್ನ ಪಕ್ಕ ನಿಲ್ಲುವ ಒಬ್ಬ ಅಜ್ಜನ ಪೆನ್ನಿಗೆ ದಾರ ಕಟ್ಟಿರುತ್ತದೆ, ಆ ದಾರ ಕೋಟಿನ ಗುಂಡಿಗೆ. ಬಿದ್ದರೆ ಬಗ್ಗಿ ಹುಡುಕುವಷ್ಟರಲ್ಲಿ ಒಂದು ಹೀಟ್ ತಪ್ಪಿಹೋಗುತ್ತದಂತೆ. ನನ್ನ ಮಗ ಕೂಡುವ ಲೆಕ್ಕ ಚುರುಕಾಗಿ ಕಲಿತದ್ದು ಈ ಅಜ್ಜನ ಪ್ರೋಗ್ರಾಂ ಇಣುಕಿ ನೋಡಿಯೇ. ಇನ್ನು ವಾಸನೆ. ಮೆಥನಾಲ್ ಎಂಜಿನ್ನಿಗೆ ಹಾಕುತ್ತ ಬಂದದ್ದು ಹರಳೆಣ್ಣೆಯಿಂದ ಮಾಡಿದ ಆಯಿಲ್. ಅದು ಉರಿದಾಗ ಬರುವ ಘಾಟು ಮೊದಲ ತಿರುವಿನ ಹತ್ತಿರ ನಿಂತರೆ ಮೂಗಿಗೆ ಹೊಡೆಯುತ್ತದೆ, ಜೊತೆಗೆ ಮುಖಕ್ಕೆ ಒಂದಿಷ್ಟು ಶೇಲ್.

ಟಿವಿಯಲ್ಲಿ ಇದ್ಯಾವುದೂ ಇಲ್ಲ. ಮುಖ್ಯ ಸ್ಟ್ಯಾಂಡಿನ ಮೇಲಿಂದ ಲೆನ್ಸ್ ಎಳೆದು ತೋರಿಸಿದರೆ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಹೊರಬೇಲಿಗೆ ಒರಸಿಕೊಂಡು ಒಬ್ಬ ಇನ್ನೊಬ್ಬನನ್ನು ಹಿಂದೆ ಹಾಕಿದ್ದು ಎಷ್ಟು ಕಿರಿದಾದ ಸಂದಿಯಲ್ಲಿ ಅನ್ನುವುದು ಪರದೆಗೆ ಹತ್ತುವುದಿಲ್ಲ. ಹಾಗಂತ ಟಿವಿಯನ್ನು ಬೈದು ಕೂರುವವನಲ್ಲ ನಾನು. ಈ ಆಟ ನನಗೆ ಅರ್ಥವಾದದ್ದೇ ನಿಧಾನಗತಿಯ ಮರುಪ್ರಸಾರದಿಂದ, ನೈಜೆಲ್ ಪಿಯರ್ಸನ್ ಮತ್ತು ಹಿಂದೆ ಸ್ವತಃ ರೈಡರ್ ಆಗಿದ್ದ ಕೆಲ್ವಿನ್ ಟೇಟಮ್ ಅವರ ವಿವರಣೆಯಿಂದ. ಓಟ ಶುರುವಾಗುವ ಕಡೆ ಅಡ್ಡ ಕಟ್ಟಿದ ಟೇಪ್ ಮೇಲೇಳುವ ಮೊದಲು ಯಾರು ಮುಂದಕ್ಕೆ ತೆವಳಿದ, ಕ್ಲಚ್ ಯಾರದು ಮೊದಲು ಕಚ್ಚಿತು, ಇವೆಲ್ಲ ಟ್ರ್ಯಾಕಿನಲ್ಲಿ ನಿಂತವನ ಕಣ್ಣಿಗೆ ಬೀಳುವುದಿಲ್ಲ. ಟಿವಿ ಕಲಿಸುತ್ತದೆ. ಆದರೆ ಕಲಿತವನನ್ನು ಮನೆಯಲ್ಲೇ ಕೂರಿಸಿಕೊಳ್ಳುತ್ತದೆ.

ಹಳೆಯ ಕಥೆಯನ್ನೂ ಸ್ವಲ್ಪ ನೆನಪಿಸಿಕೊಳ್ಳೋಣ, ಯಾಕೆಂದರೆ ಟಿವಿಯ ಮೇಲಿನ ಮೊದಲ ದೂರು ಪ್ರಸಾರದ ಬಗ್ಗೆ ಆಗಿರಲಿಲ್ಲ. 1928ರ ಫೆಬ್ರುವರಿ 19ರಂದು ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ಮೊದಲ ದೊಡ್ಡ ಓಟ ನಡೆದಾಗ ಸಂಘಟಕರ ನಿರೀಕ್ಷೆ ಮೀರಿ ಜನ ಸೇರಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಸ್ಪೀಡ್‌ವೇಗೆ ಸುಗ್ಗಿಯೋ ಸುಗ್ಗಿ. 1950ರ ದಶಕ ಬಂದಂತೆ ಒಂದು ಕಡೆ ಮನರಂಜನಾ ತೆರಿಗೆಯ ಭಾರ, ಇನ್ನೊಂದು ಕಡೆ ಮನೆಮನೆಗೂ ಬಂದ ಟಿವಿ ಪೆಟ್ಟಿಗೆ. ಅದರಲ್ಲಿ ಸ್ಪೀಡ್‌ವೇ ಬರುತ್ತಿತ್ತೋ ಇಲ್ಲವೋ ಅದು ಪ್ರಶ್ನೆಯೇ ಆಗಿರಲಿಲ್ಲ, ಜನ ಸಂಜೆ ಹೊತ್ತು ಮನೆ ಬಿಟ್ಟು ಹೊರಡುವುದನ್ನೇ ಕಡಿಮೆ ಮಾಡಿದರು. 1957ರ ಸೀಸನ್ ಶುರುವಾಗುವ ಹೊತ್ತಿಗೆ ಲಂಡನ್ನಿನ ಹೆಸರಾಂತ ವೆಂಬ್ಲಿ ತಂಡವೇ ಲೀಗ್‌ನಲ್ಲಿರಲಿಲ್ಲ. ಮತ್ತೆ ಎದ್ದು ನಿಂತದ್ದು 1965ರಲ್ಲಿ, ಎರಡು ಲೀಗ್‌ಗಳನ್ನು ಕೂಡಿಸಿ 18 ತಂಡಗಳ ಬ್ರಿಟಿಷ್ ಲೀಗ್ ಮಾಡಿದಾಗ. ಅದೇ ವರ್ಷ ಐಟಿವಿಯಲ್ಲಿ ಶನಿವಾರ ಮಧ್ಯಾಹ್ನದ 'ವರ್ಲ್ಡ್ ಆಫ್ ಸ್ಪೋರ್ಟ್' ಶುರುವಾಯಿತು, 1985ರವರೆಗೆ ನಡೆಯಿತು. ಕುಸ್ತಿ, ಕುದುರೆ ಓಟದ ಜೊತೆ ಆಗಾಗ ಸ್ಪೀಡ್‌ವೇ ತುಣುಕು ಬರುತ್ತಿತ್ತು. ಪುಕ್ಕಟೆ ಚಾನೆಲ್, ಶನಿವಾರ ಮಧ್ಯಾಹ್ನ, ಸ್ವಲ್ಪವೇ ಸ್ವಲ್ಪ. ರುಚಿ ಹತ್ತುವಷ್ಟು ಸಿಗುತ್ತಿತ್ತು, ಹೊಟ್ಟೆ ತುಂಬುವಷ್ಟು ಇರಲಿಲ್ಲ. ವೆಂಬ್ಲಿಯಲ್ಲಿ ಕೊನೆಯದಾಗಿ 1981ರಲ್ಲಿ ನಡೆದ, ಅಮೆರಿಕದ ಬ್ರೂಸ್ ಪೆನ್‌ಹಾಲ್ ಗೆದ್ದ ವಿಶ್ವ ಫೈನಲ್‌ಗೆ 90,000ಕ್ಕಿಂತ ಹೆಚ್ಚು ಜನ ಬಂದಿದ್ದರು.

1990ರ ದಶಕದ ಕೊನೆಗೆ ಸ್ಕೈ ಬಂತು. ಅಲ್ಲಿಂದ ಮುಂದೆ ಇಡೀ ಪಂದ್ಯ, ನೇರಪ್ರಸಾರ, ಸೋಮವಾರ ರಾತ್ರಿ, ದುಡ್ಡು ಕೊಟ್ಟವರಿಗೆ ಮಾತ್ರ. ಸ್ಕೈ ಆದ ಮೇಲೆ ಬಿಟಿ ಸ್ಪೋರ್ಟ್, ಅದಾದ ಮೇಲೆ ಯೂರೋಸ್ಪೋರ್ಟ್. ಆ ಯೂರೋಸ್ಪೋರ್ಟ್ ಕೂಡ 2025ರ ಫೆಬ್ರುವರಿ ಕೊನೆಗೆ ಈ ದೇಶದಲ್ಲಿ ಬಾಗಿಲು ಹಾಕಿ ಟಿಎನ್‌ಟಿ ಸ್ಪೋರ್ಟ್ಸ್ ಒಳಗೆ ಸೇರಿಹೋಯಿತು. ಪ್ರತಿ ಸಲ ಚಾನೆಲ್ ಬದಲಾದಾಗಲೂ ಅಭಿಮಾನಿ ಹೊಸ ಚಂದಾ ಕಟ್ಟಬೇಕು, ಆಟದ ಗುರುತೇ ಇಲ್ಲದವನ ಕಣ್ಣಿಗಂತೂ ಅದು ಬೀಳುವುದೇ ಇಲ್ಲ. ಟೈ ವೊಫಿಂಡನ್ 2013, 2015, 2018ರಲ್ಲಿ ವಿಶ್ವ ಚಾಂಪಿಯನ್ ಆದ. ಸ್ಕಂತೋರ್ಪ್‌ನಲ್ಲಿ ಹುಟ್ಟಿದವನು, ಮೂರು ಸಲ ಜಗತ್ತಿಗೇ ಮೊದಲಿಗ. ನನ್ನ ಆಫೀಸಿನಲ್ಲಿ, ಅದೂ ಸ್ಪೀಡ್‌ವೇ ತಂಡವಿರುವ ಊರಿನ ಆಫೀಸಿನಲ್ಲಿ, ಅವನ ಹೆಸರು ಹೇಳಿದರೆ "ಯಾರದು?" ಅನ್ನುತ್ತಾರೆ. ಇಂಗ್ಲಿಷರೇ. ಬೀಗ ಹಾಕಿದ ಕೋಣೆಯಲ್ಲಿ ಚಾಂಪಿಯನ್ ಆದರೆ ಹೀಗೇ ಆಗುವುದು.

ಸೋಮವಾರದ ವಿಚಾರ ನ್ಯಾಯವಾಗಿ ಮಾತಾಡಬೇಕೆಂದರೆ ತಪ್ಪು ಪೂರ್ತಿ ಟಿವಿಯದ್ದಲ್ಲ. ಒಳ್ಳೆಯ ರೈಡರ್‌ಗಳೆಲ್ಲ ಪೋಲೆಂಡ್, ಸ್ವೀಡನ್, ಡೆನ್ಮಾರ್ಕ್‌ನಲ್ಲೂ ಓಡುತ್ತಾರೆ. ಪೋಲೆಂಡ್ ಶುಕ್ರವಾರ, ಭಾನುವಾರ ಹಿಡಿದುಕೊಂಡಿದೆ, ಸ್ವೀಡನ್ ಮಂಗಳವಾರ, ಡೆನ್ಮಾರ್ಕ್ ಬುಧವಾರ. ಇಲ್ಲಿನ ಮೇಲಿನ ಲೀಗ್ ಆದ ಪ್ರೀಮಿಯರ್‌ಶಿಪ್‌ಗೆ ಸೋಮವಾರ, ಗುರುವಾರ ಅಂತ ನೀವು ನಿಗದಿ ಮಾಡಿದ್ದು ಹಾಗೆ ಉಳಿದ ದಿನಗಳಲ್ಲಿ. ಒಪ್ಪುತ್ತೇನೆ. ಆದರೆ ಬೆಲ್ ವ್ಯೂ ತಂಡ ಮ್ಯಾಂಚೆಸ್ಟರಿನ ಹೈಡ್ ರೋಡಿನಲ್ಲಿದ್ದಾಗ ಶನಿವಾರ ಸಂಜೆ ಅಂದರೆ ಸ್ಪೀಡ್‌ವೇ ಅಂತಲೇ ಊರು ತಿಳಿದಿತ್ತು. ಈಗ ಸೋಮವಾರ ಏಳೂವರೆಗೆ ಶುರು, ಮುಗಿಯುವಾಗ ಹತ್ತರ ಹತ್ತಿರ. ಮರುದಿನ ಸ್ಕೂಲಿರುವ ಮಕ್ಕಳನ್ನು ಕರೆದುಕೊಂಡು ಹೊರಡುವ ಅಪ್ಪ ಮನೆಯಲ್ಲಿ ಮೊದಲು ಒಂದು ಪಂದ್ಯ ಗೆಲ್ಲಬೇಕು. ಇದರ ಜೊತೆಗೆ ನೇರಪ್ರಸಾರ ಅಂತ ಸೇರಿಕೊಂಡರೆ "ಟಿವಿಯಲ್ಲೇ ಬರುತ್ತಲ್ಲ" ಅನ್ನುವ ಒಂದು ಮಾತಿಗೆ ಎಲ್ಲ ಮುಗಿಯುತ್ತದೆ. ದೊಡ್ಡವರ ಟಿಕೆಟ್ 20 ಪೌಂಡ್ ಆಸುಪಾಸು, ಪೆಟ್ರೋಲು, ಪ್ರೋಗ್ರಾಂ, ಮಗನ ಬರ್ಗರ್ ಬೇರೆ. ಲೆಕ್ಕದಲ್ಲಿ ಟಿವಿಯೇ ಗೆಲ್ಲುತ್ತದೆ.

ಇದೇ ದೇಶದ ಫುಟ್‌ಬಾಲ್‌ನವರು ಈ ವಿಷಯದಲ್ಲಿ ಎಷ್ಟು ಜಾಣರು ನೋಡಿ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಟಿವಿಯಲ್ಲಿ ನೇರ ಫುಟ್‌ಬಾಲ್ ಇಲ್ಲ. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಹಟ ಹಿಡಿದು ಮಾಡಿಸಿದ ವ್ಯವಸ್ಥೆ. ಕೆಳಗಿನ ಲೀಗ್‌ಗಳ ಸಣ್ಣ ಊರಿನ ಸ್ಟ್ಯಾಂಡ್ ಖಾಲಿಯಾಗಬಾರದು ಅಂತ. ಜಗತ್ತಿನ ಅತಿ ಶ್ರೀಮಂತ ಆಟವೇ ತನ್ನ ಗೇಟಿಗೆ ಕಾವಲು ಹಾಕಿಕೊಂಡಿದೆ. ಗೇಟಿನ ದುಡ್ಡಿನ ಮೇಲೇ ಬದುಕುವ ನೀವು ಕಾವಲುಗಾರನನ್ನು ಮನೆಗೆ ಕಳಿಸಿ ಕೂತಿದ್ದೀರಿ.

ನಾನು ಕಣ್ಣಾರೆ ಕಂಡದ್ದೊಂದು ಹೇಳುತ್ತೇನೆ, ಟ್ರ್ಯಾಕಿನ ಹೆಸರು ಬೇಡ. ಟಿವಿ ಪಂದ್ಯ, ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಟ್ರ್ಯಾಕ್ಟರ್ ಕೆಲಸ ಮುಗಿದಿದೆ, ನೀರು ಹಾಕಿದ್ದಾಗಿದೆ, ರೈಡರ್‌ಗಳು ಪಿಟ್ಸ್ ಬಾಗಿಲಲ್ಲಿ ತಯಾರು. ಸುಮ್ಮನೆ ನಿಂತಿದ್ದಾರೆ. ಯಾಕೆ? ಜಾಹೀರಾತು ಮುಗಿಯಬೇಕು, ಸ್ಟುಡಿಯೋದವರ ಮಾತು ಮುಗಿಯಬೇಕು. ಹೀಗೆ ಪ್ರತಿ ಹೀಟಿಗೂ ಒಂದಿಷ್ಟು ಒಂದಿಷ್ಟು ಸೇರಿ ಸಂಜೆ ಉದ್ದವಾಯಿತು, ಮಳೆ ಮಾತ್ರ ಯಾರಿಗೂ ಕಾಯಲಿಲ್ಲ. ಕೊನೆಯ ಹೀಟ್‌ಗಳು ನಡೆಯಲೇ ಇಲ್ಲ. ಮನೆಯಲ್ಲಿದ್ದವರು ಚಾನೆಲ್ ಬದಲಿಸಿದರು. ನಾವು ಒದ್ದೆಯಾಗಿ ಕಾರ್ ಪಾರ್ಕಿನ ಕೆಸರಿನಲ್ಲಿ ಸಾಲು ನಿಂತೆವು. ದುಡ್ಡು ಕೊಟ್ಟು ಗೇಟಿನೊಳಗೆ ಬಂದವನು ಟಿವಿಯವರ ಸೆಟ್ಟಿನಲ್ಲಿ ಹಿನ್ನೆಲೆಗೆ ನಿಲ್ಲಿಸಿದ ಜನದಂತೆ ಆಗಿಬಿಟ್ಟ.

ನಿಯಮದ ವಿಷಯವೂ ಹಾಗೇ. ಹಿಂದೆ ಬಿದ್ದ ತಂಡ ಒಬ್ಬನಿಗೆ ಕಪ್ಪುಬಿಳುಪು ಹೆಲ್ಮೆಟ್ ಹೊದಿಕೆ ಹಾಕಿ ಕಳಿಸಿದರೆ ಅವನ ಅಂಕ ಎರಡು ಪಟ್ಟು ಅನ್ನುವ ಪದ್ಧತಿ ಹಲವು ವರ್ಷ ಇತ್ತು. ಪರದೆಗೆ ರೋಚಕವಾಗಿತ್ತೋ ಏನೋ, ದಾರ ಕಟ್ಟಿದ ಪೆನ್ನಿನ ಅಜ್ಜನಿಗೆ ಅದು ಇವತ್ತಿಗೂ ಲೆಕ್ಕದಲ್ಲಿ ಮಾಡಿದ ಮೋಸ. ನನಗೆ ಅಷ್ಟು ಸಿಟ್ಟಿಲ್ಲ, ಆದರೆ ಅಜ್ಜನ ಮಾತು ತೆಗೆದುಹಾಕುವಂಥದ್ದಲ್ಲ.

ಈಗ ನಿಜವಾಗಿ ನೋಯಿಸುವ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ಸ್ವಿಂಡನ್ ರಾಬಿನ್ಸ್ ಪ್ರೀಮಿಯರ್‌ಶಿಪ್ ಗೆದ್ದಿತು. 1949ರಿಂದ ಬ್ಲನ್ಸ್‌ಡನ್‌ನಲ್ಲಿ ಓಡುತ್ತಿದ್ದ ತಂಡ. ಆ ಗೆಲುವಿನ ವರ್ಷದ ನಂತರ ಅಲ್ಲಿ ಇನ್ನೊಂದು ಸೀಸನ್ ನಡೆಯಲಿಲ್ಲ. 2021ರಲ್ಲಿ ಪೀಟರ್‌ಬರೋ ಪ್ಯಾಂಥರ್ಸ್ ಗೆದ್ದಿತು, 2023 ಮುಗಿಯುವಷ್ಟರಲ್ಲಿ ಆ ಶೋಗ್ರೌಂಡಿನಲ್ಲಿ ಸ್ಪೀಡ್‌ವೇ ಮುಗಿಯಿತು. ಅದೇ 2023ರ ಕೊನೆಗೆ ವುಲ್ವರ್‌ಹ್ಯಾಂಪ್ಟನ್ ತಂಡ ನಾಯಿ ಓಟದ ಮಾನ್ಮೋರ್ ಗ್ರೀನ್ ಸ್ಟೇಡಿಯಂ ಬಿಟ್ಟು ಹೊರಬರಬೇಕಾಯಿತು. ಅದಕ್ಕೂ ಮೊದಲು ಕವೆಂಟ್ರಿ: 1928ರಿಂದ ಬೈಕ್ ಓಡಿದ ಬ್ರ್ಯಾಂಡನ್ ಸ್ಟೇಡಿಯಂ 2016ರ ನಂತರ ಪಾಳುಬಿತ್ತು, ಮತ್ತೆ ಮತ್ತೆ ಬೆಂಕಿ ಬಿತ್ತು. ಇವರೆಲ್ಲ ಟಿವಿಯಲ್ಲಿ ಬಂದ ತಂಡಗಳೇ. ಕಪ್ ಎತ್ತಿದ್ದು, ಶಾಂಪೇನ್ ಚಿಮ್ಮಿಸಿದ್ದು ನೋಡಿದ್ದೇವೆ. ಆ ಜಾಗ ಯಾರದು, ಗುತ್ತಿಗೆ ಯಾವಾಗ ಮುಗಿಯುತ್ತದೆ, ಕೌನ್ಸಿಲ್ ಮುಂದೆ ಮನೆ ಕಟ್ಟುವ ಅರ್ಜಿ ಯಾವ ಹಂತದಲ್ಲಿದೆ, ಅದಕ್ಕೆ ಆಕ್ಷೇಪಣೆ ಎಲ್ಲಿ ಸಲ್ಲಿಸಬೇಕು, ಇದನ್ನು ಹೀಟ್ ಹೀಟ್‌ಗಳ ನಡುವಿನ ಆ ಉದ್ದುದ್ದ ಬಿಡುವಿನಲ್ಲಿ ಯಾರಾದರೂ ಹೇಳಿದ್ದು ನಾನಂತೂ ಕೇಳಿಲ್ಲ. ರೈಡರ್‌ಗೆ ಮೈಕ್ ಹಿಡಿದು "ಹೇಗನ್ನಿಸುತ್ತಿದೆ?" ಅಂತ ಕೇಳುವುದರಲ್ಲೇ ಹೊತ್ತು ಹೋಯಿತು.

ಪೋಲೆಂಡಿನ ಉದಾಹರಣೆ ಕೊಟ್ಟರೆ ನೀವು ನಿಟ್ಟುಸಿರು ಬಿಡುತ್ತೀರಿ, ಗೊತ್ತು. ಆದರೂ ಕೊಡಲೇಬೇಕು, ಯಾಕೆಂದರೆ ಟಿವಿಯಿಂದ ಸ್ಟ್ಯಾಂಡ್ ಖಾಲಿಯಾಗುತ್ತದೆ ಅನ್ನುವ ವಾದಕ್ಕೆ ಅಲ್ಲೇ ಉತ್ತರವಿದೆ. ಅಲ್ಲಿನ ಮೇಲಿನ ಲೀಗ್ ಎಕ್ಸ್‌ಟ್ರಾಲೀಗಾ ಪೂರ್ತಿ ಟಿವಿಯಲ್ಲಿ ಬರುತ್ತದೆ, ದೊಡ್ಡ ಮೊತ್ತದ ಒಪ್ಪಂದ. ಲುಬ್ಲಿನ್, ಟೋರುನ್, ವ್ರೊಟ್ಸ್‌ವಾಫ್‌ನಲ್ಲಿ ಸ್ಟ್ಯಾಂಡ್ ತುಂಬಿರುತ್ತದೆ. ವ್ಯತ್ಯಾಸ ಎಲ್ಲಿದೆ ಅಂದರೆ, ಅಲ್ಲಿ ಸ್ಟೇಡಿಯಂ ಹೆಚ್ಚಾಗಿ ಊರಿನ ಪುರಸಭೆಯದ್ದು. ನಾಯಿ ಓಟದ ಮಾಲೀಕ ಬೇಡ ಅಂದ ಅಂತ ಗಂಟುಮೂಟೆ ಕಟ್ಟಬೇಕಿಲ್ಲ. ಆಟ ವಾರಾಂತ್ಯದಲ್ಲಿ. ತಂಡದಲ್ಲಿ ಅಲ್ಲಿಯದೇ ಕಿರಿಯ ರೈಡರ್‌ಗಳು ಇರಲೇಬೇಕು. ಊರಿನವರಿಗೆ ಅದು ತಮ್ಮದು, ಆಮೇಲೆ ಟಿವಿಯದ್ದು. ನಮ್ಮ ಕರಾವಳಿಯ ಕಂಬಳವನ್ನೇ ತೆಗೆದುಕೊಳ್ಳಿ: ಶನಿವಾರ ಶುರುವಾಗಿ ಭಾನುವಾರ ಮುಗಿಯುತ್ತದೆ, ಯೂಟ್ಯೂಬಿನಲ್ಲಿ ರಾತ್ರಿಯಿಡೀ ನೇರಪ್ರಸಾರ, ದುಬೈನಲ್ಲಿರುವವರೂ ಕೂತು ನೋಡುತ್ತಾರೆ. ಹಾಗಂತ ಕೋಣ ಓಡುವ ಕರೆಯ ಸುತ್ತ ಕಾಲಿಡಲು ಜಾಗವಿರುತ್ತದೆಯೇ? ಅಲ್ಲಿ ಟಿಕೆಟ್ ಇಲ್ಲ, ಇಲ್ಲಿ ಇದೆ, ಅಷ್ಟು ರಿಯಾಯಿತಿ ನಿಮಗೆ ಕೊಡುತ್ತೇನೆ.

ಟಿವಿಯಿಂದ ಬಂದ ದುಡ್ಡು ಬಂದ ದಾರಿಯಲ್ಲೇ ರೈಡರ್‌ಗಳ ಕೈಗೆ ಹೋಯಿತು, ಊರಿನಲ್ಲಿ ಒಂದು ಶೌಚಾಲಯ ಕೂಡ ಹೊಸದಾಗಲಿಲ್ಲ ಅಂತ ಸ್ಟ್ಯಾಂಡಿನಲ್ಲಿ ಆಡಿಕೊಳ್ಳುವವರಿದ್ದಾರೆ. ರೈಡರ್‌ಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಪಾಯಿಂಟ್ ಲೆಕ್ಕದಲ್ಲಿ ಸಂಬಳ, ಬೈಕು, ಎಂಜಿನ್, ಮೆಕ್ಯಾನಿಕ್ ಎಲ್ಲ ಅವರದೇ ಖರ್ಚು, ಮೂಳೆ ಮುರಿದರೆ ಆ ಲೆಕ್ಕವೂ ನಿಂತುಹೋಗುತ್ತದೆ. ಆದರೆ ಚಾನೆಲ್ ಹೋದ ಮರುದಿನ ಕೈಯಲ್ಲಿ ಏನು ಉಳಿಯಿತು ಅಂತ ಕೇಳಿಕೊಳ್ಳಿ. ರೈಡರ್ ಪೋಲೆಂಡಿಗೆ ಹೋಗುತ್ತಾನೆ. ನೆಲ, ಬೇಲಿ, ದೀಪ, 15 ವರ್ಷದ ಹುಡುಗ ಹುಡುಗಿಯರು ಅಭ್ಯಾಸ ಮಾಡುವ ಟ್ರ್ಯಾಕು ಇದ್ದರೆ ಅವು ಇಲ್ಲೇ ಇರುತ್ತವೆ.

ಹಾಗಾಗಿ ನಾನು ಕೇಳುವುದು ಟಿವಿ ಬಿಡಿ ಅಂತಲ್ಲ. ಮುಂದಿನ ಒಪ್ಪಂದಕ್ಕೆ ಕೂತಾಗ ಮೊದಲ ಸಾಲಿನಲ್ಲಿ ರೊಕ್ಕದ ಅಂಕಿ ಬರೆಯಬೇಡಿ. ಶನಿವಾರದ ಪಂದ್ಯಗಳನ್ನು ಪ್ರತಿ ತಂಡಕ್ಕೂ ಒಂದಷ್ಟು ಮರಳಿಸಿ, ಅವುಗಳನ್ನು ನೇರ ತೋರಿಸಬೇಡಿ. ಅವತ್ತು ಪೋಲೆಂಡಿನ ದೊಡ್ಡ ಹೆಸರುಗಳು ಸಿಗದಿದ್ದರೆ ಬೇಡ, ಊರಿನ ಹುಡುಗರನ್ನು ಓಡಿಸಿ, ನನ್ನಂಥವನಿಗೆ ಅದೇ ಸಾಕು. ಇಡೀ ಪಂದ್ಯ ದುಡ್ಡಿನ ಗೋಡೆಯ ಹಿಂದೆ ಇರಲಿ, ಆದರೆ ಅರ್ಧ ಗಂಟೆಯ ಮುಖ್ಯಾಂಶಗಳನ್ನು ಮರುದಿನವೇ ಪುಕ್ಕಟೆಯಾಗಿ, ಎಲ್ಲರ ಕಣ್ಣಿಗೆ ಬೀಳುವ ಕಡೆ ಬಿಡಿ. ನಿಮ್ಮದೇ ಆನ್‌ಲೈನ್ ಪ್ರಸಾರ ಒಳ್ಳೆಯ ಕೆಲಸ, ಆದರೆ ಅದನ್ನು ಹುಡುಕಿಕೊಂಡು ಬರುವವನು ಆಗಲೇ ಅಭಿಮಾನಿ. ಹೊಸಬ ಎಡವಿ ಬೀಳುವ ಜಾಗದಲ್ಲಿ ಆಟ ಇರಬೇಕು.

ಚಾನೆಲ್‌ನವರಿಗೆ ಇನ್ನೊಂದು ಮಾತು. ಸ್ಟ್ಯಾಂಡ್ ಖಾಲಿ ಇದೆ ಅಂತ ಕ್ಯಾಮೆರಾ ಅತ್ತ ತಿರುಗಿಸುವುದಿಲ್ಲ ನೀವು. ತಿರುಗಿಸಿ. ತುಂಬಿರುವ ಕಡೆ ಒಂದನ್ನು ನಿಲ್ಲಿಸಿ, ಮೊದಲ ತಿರುವಿನ ಬೇಲಿಯ ಎತ್ತರದಲ್ಲಿ, ಶೇಲ್ ಲೆನ್ಸಿಗೆ ಬಡಿಯಲಿ. ಮೈಕ್ ಅನ್ನು ಅಜ್ಜನ ಮುಂದೆ ಹಿಡಿಯಿರಿ. ಟ್ರ್ಯಾಕ್ಟರ್ ಓಡಿಸುವವನನ್ನು ಮಾತಾಡಿಸಿ, ಪಂದ್ಯ ಅರ್ಧ ಗೆಲ್ಲಿಸುವವನು ಅವನೇ. ಟ್ರ್ಯಾಕಿಗೆ ಯಾವ ಬಸ್ಸು, ಮಕ್ಕಳಿಗೆ ಟಿಕೆಟ್ ಎಷ್ಟು, ಮುಂದಿನ ಪಂದ್ಯ ಯಾವತ್ತು ಅಂತ ಪರದೆಯ ಕೆಳಗೆ ಬರೆಯಲು ಏನು ಖರ್ಚು? ಕಾರ್ಡಿಫ್‌ನಲ್ಲಿ 2001ರಿಂದ 2024ರವರೆಗೆ, ಕೋವಿಡ್‌ನ ಎರಡು ವರ್ಷ ಬಿಟ್ಟು, ವಿಶ್ವ ಚಾಂಪಿಯನ್‌ಶಿಪ್‌ನ ಒಂದು ಸುತ್ತಾದ ಬ್ರಿಟಿಷ್ ಗ್ರ್ಯಾನ್ ಪ್ರಿಗೆ ದೇಶದ ಎಲ್ಲ ಕ್ಲಬ್ಬುಗಳ ಬಣ್ಣ ತೊಟ್ಟ ಹತ್ತಾರು ಸಾವಿರ ಜನ ಹೋಗುತ್ತಿದ್ದರು, ಟಿವಿಯಲ್ಲಿ ಬರುತ್ತದೆ ಅಂತ ಗೊತ್ತಿದ್ದೂ. 2025ರಲ್ಲಿ ಅದು ಮ್ಯಾಂಚೆಸ್ಟರಿನ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ ಬಂತು, ಸುಮಾರು 6,000 ಜನರ ಜಾಗ. ಕೆಲವರಿಗೆ ಅದು ಹಿಂಜರಿತ. ನನಗೆ ಹಾಗನ್ನಿಸಲಿಲ್ಲ. ಸ್ಪೀಡ್‌ವೇಗಾಗಿಯೇ ಕಟ್ಟಿದ ಟ್ರ್ಯಾಕಿನಲ್ಲಿ ಓಟ ಚೆನ್ನಾಗಿರುತ್ತದೆ, ತುಂಬಿದ ಸಣ್ಣ ಸ್ಟ್ಯಾಂಡ್ ಪರದೆಯ ಮೇಲೂ ತುಂಬಿದಂತೆಯೇ ಕಾಣುತ್ತದೆ.

ಆಕ್ಸ್‌ಫರ್ಡ್ ಟ್ರ್ಯಾಕ್ ವರ್ಷಗಟ್ಟಲೆ ಮುಚ್ಚಿದ್ದು 2022ರಲ್ಲಿ ಮತ್ತೆ ತೆರೆಯಿತು. ಅಂಥದ್ದೊಂದು ಬಾಗಿಲು ತೆರೆದ ದಿನ ಅದು ಯಾವ ಸುದ್ದಿ ವಾಹಿನಿಯಲ್ಲೂ ತಲೆಬರಹವಾದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಅನ್ನುವುದನ್ನೂ ನಿಮ್ಮ ಟಿಪ್ಪಣಿಯಲ್ಲಿ ಸೇರಿಸಿಕೊಳ್ಳಿ.

ಸೀಸನ್ ಅಕ್ಟೋಬರಿಗೆ ಮುಗಿಯುತ್ತದೆ, ನವೆಂಬರಿನಲ್ಲಿ ನಿಮ್ಮ ವಾರ್ಷಿಕ ಸಭೆ. ಮುಂದಿನ ವರ್ಷದ ದಿನಪಟ್ಟಿ, ತಂಡದ ನಿಯಮ ಎಲ್ಲ ಅಲ್ಲಿ ಬಾಗಿಲು ಹಾಕಿಕೊಂಡು ತೀರ್ಮಾನವಾಗುತ್ತದೆ. ಈ ಸಲ ಆ ಸಭೆಗೆ ಮೊದಲು ಪ್ರತಿ ಟ್ರ್ಯಾಕಿನ ಗೇಟಿನಲ್ಲೂ ಒಂದು ಚೀಟಿ ಕೊಟ್ಟು ಎರಡೇ ಪ್ರಶ್ನೆ ಕೇಳಿ: ನಿಮಗೆ ಯಾವ ದಿನ ಅನುಕೂಲ? ಈ ಸೀಸನ್‌ನಲ್ಲಿ ಟಿವಿಯಲ್ಲಿ ನೋಡಿ ಮೊದಲ ಸಲ ಬಂದವರು ನೀವೇನಾ? ಬಂದ ಉತ್ತರ ಎಣಿಸಿ, ಬಹಿರಂಗವಾಗಿ ಪ್ರಕಟಿಸಿ. ಫಾಕ್ಸ್‌ಹಾಲ್‌ನಲ್ಲಿ ಚೀಟಿ ಹಂಚಲು ಜನ ಬೇಕಾದರೆ ಹೇಳಿ, ಆಫೀಸು ಮುಗಿಸಿಕೊಂಡು ಗುರುವಾರ ಆರೂವರೆಗೆ ಗೇಟಿನ ಹತ್ತಿರ ಇರುತ್ತೇನೆ. ಮಗನನ್ನೂ ಕರೆತರುತ್ತೇನೆ, ಎಣಿಸುವ ಕೆಲಸ ಅವನಿಗೆ ಕೊಡಬಹುದು.

ಇಂತಿ,
ಇಪ್ಸ್‌ವಿಚ್‌ನಲ್ಲಿರುವ ಒಬ್ಬ ಕನ್ನಡಿಗ ಪ್ರೇಕ್ಷಕ